ಮಾರದೆ ಉಳಿದ ಹಸು

ಹಸು ಬಡವಾದರೆ ನಮ್ಮ ಕಡೆಯಲ್ಲಿ ಮೊದಲು ಹುಟ್ಟುವ ಮಾತು 'ದೃಷ್ಟಿ ತಾಗಿದೆ' ಎಂಬುದು. ಎರಡನೆಯದು 'ಹೊಟ್ಟೆಯಲ್ಲಿ ಹುಳು ಬಿದ್ದಿರಬೇಕು'. ಮೂರನೆಯದು 'ಘಟ್ಟದ ಮೇಲಿನ ಹಸುವಿಗೆ ಕರಾವಳಿಯ ನೀರು ಒಗ್ಗುವುದಿಲ್ಲ'. ಈ ಮೂರು ಮಾತುಗಳೂ ಮುಗಿದು, ಮೂರಕ್ಕೂ ತಕ್ಕ ಉಪಚಾರಗಳು ನಡೆದು, ಹಸು ಮತ್ತಷ್ಟು ಬಡವಾದ ಮೇಲೆ ಪಶುವೈದ್ಯರ ನೆನಪಾಗುತ್ತದೆ. ಇದನ್ನು ನಾನು ಪರಿಹಾಸಕ್ಕೆಂದು ಹೇಳುತ್ತಿಲ್ಲ. ಕೆಲವು ರೋಗಗಳು ಒಳಹೊಕ್ಕು ಎರಡು ವರ್ಷ, ಮೂರು ವರ್ಷ, ಕೆಲವೊಮ್ಮೆ ಐದು ವರ್ಷ ಸುಮ್ಮನೆ ಕುಳಿತಿದ್ದು ಆಮೇಲೆ ತಲೆ ಎತ್ತುತ್ತವೆ. ಅಷ್ಟು ಹಿಂದಿನ ಕಾರಣವನ್ನು ಯಾವ ಮನೆಯವರು ತಾನೇ ನೆನಪಿನಲ್ಲಿಟ್ಟುಕೊಂಡಾರು?

ನಾನು ಪಶುವೈದ್ಯನಲ್ಲ, ಕುಮಟೆಯಲ್ಲಿ ಮಕ್ಕಳಿಗೆ ಪಾಠ ಹೇಳಿ ನಿವೃತ್ತನಾದವನು. ಆದರೂ ಇಂಥ ಒಂದು ರೋಗದ ವಿಷಯವನ್ನು ಕೆಲವು ವರ್ಷಗಳ ಹಿಂದೆ ಬಹು ಹತ್ತಿರದಿಂದ ನೋಡುವ ಪ್ರಸಂಗ ಬಂದಿತು. ನೋಡಿದ ಮೇಲೆ ಸಿಕ್ಕಿದ ಪುಸ್ತಕಗಳನ್ನೆಲ್ಲ ಓದಿದೆನು. ಓದಿದುದರಲ್ಲಿ ಮನಸ್ಸಿಗೆ ನಾಟಿದ ಕೆಲವು ಸಂಗತಿಗಳನ್ನು ಓದುಗರೊಡನೆ ಹಂಚಿಕೊಳ್ಳುವ ಆಸೆ ನನ್ನದು.

ಕುಮಟೆ, ಹೊನ್ನಾವರ, ಭಟ್ಕಳ ಈ ಮೂರು ತಾಲ್ಲೂಕುಗಳನ್ನು ಕಂಡವರಿಗೆ ಗೊತ್ತು: ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸಹ್ಯಾದ್ರಿ, ನಡುವೆ ಕಿರಿದಾದ ನೆಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಗಿಲಾಗಿ ಸುರಿಯುವ ಮಳೆ. ಇಲ್ಲಿಯ ಬೇಸಾಯದ ಬೇರು ಇರುವುದು ಕೊಟ್ಟಿಗೆಯಲ್ಲಿ. ಮಳೆಗಾಲದಲ್ಲಿ ಸೊಪ್ಪಿನ ಬೆಟ್ಟದಿಂದ ಹಸಿ ಸೊಪ್ಪು ತಂದು ದನಗಳ ಕಾಲ ಕೆಳಗೆ ಹಾಸುತ್ತಾರೆ. ಬೇಸಗೆಯಲ್ಲಿ ಕಾಡಿನ ಒಣ ಎಲೆಯ ದರಕನ್ನು ಹರಡುತ್ತಾರೆ. ದನ ಅದನ್ನು ತುಳಿದು, ಸಗಣಿ ಗಂಜಲಗಳಿಂದ ತೋಯಿಸಿದ ಮೇಲೆ ಅದು ಗೊಬ್ಬರಗುಂಡಿಗೆ ಹೋಗುತ್ತದೆ. ಗುಂಡಿಯಿಂದ ಅಡಿಕೆಯ ಬುಡಕ್ಕೆ, ಗದ್ದೆಗೆ, ಕುಮಟೆಯ ಸಿಹಿ ಈರುಳ್ಳಿಯ ಪಾತಿಗೆ, ಭಟ್ಕಳದ ಮಲ್ಲಿಗೆಯ ಗಿಡಕ್ಕೆ. ಗದ್ದೆಯ ಹುಲ್ಲು ತಿರುಗಿ ದನದ ಬಾಯಿಗೆ. ಹೀಗೆ ಸುತ್ತುವ ಈ ಚಕ್ರದಲ್ಲಿ ಬೇಡವಾದ ಜೀವಿಯೊಂದು ಸೇರಿಕೊಂಡರೆ ಅದೂ ಸುತ್ತುತ್ತದೆ.

ನನ್ನ ಅಕ್ಕನ ಮನೆ ಹೊನ್ನಾವರ ತಾಲ್ಲೂಕಿನ ಒಂದು ಹಳ್ಳಿಯಲ್ಲಿದೆ. ಮೊದಲು ಅವರ ಕೊಟ್ಟಿಗೆಯಲ್ಲಿ ಇದ್ದುದೆಲ್ಲ ಮಲೆನಾಡು ಗಿಡ್ಡ ದನಗಳು. ಮೇಕೆಗಿಂತ ತುಸು ದೊಡ್ಡವು, ಹಾಲು ಸ್ವಲ್ಪವೇ, ಆದರೆ ಬೆಟ್ಟ ಹತ್ತಿ ಮೇಯುವುದರಲ್ಲಿ ಗಟ್ಟಿ. ಮೊಮ್ಮಕ್ಕಳು ಹುಟ್ಟಿದ ಮೇಲೆ ಹಾಲು ಸಾಲದೆಂದು ಭಾವನವರು ಘಟ್ಟದ ಮೇಲಿನಿಂದ ಒಂದು ಮಿಶ್ರತಳಿಯ ಹಸುವನ್ನು ತಂದರು. ಗಂಗೆ ಎಂದು ಹೆಸರಿಟ್ಟರು. ಎರಡು ಕರು ಹಾಕುವವರೆಗೂ ಗಂಗೆ ಹೊತ್ತಿಗೆ ಐದಾರು ಲೀಟರು ಹಾಲು ಕೊಟ್ಟಳು. ಮೂರನೆಯ ಕರು ಹಾಕಿದ ಎರಡು ತಿಂಗಳಿಗೆ ಸಗಣಿ ನೀರಾಗತೊಡಗಿತು. ಮೇವು ತಿನ್ನುವುದು ತಪ್ಪಲಿಲ್ಲ, ಜ್ವರವಿಲ್ಲ. ಅಕ್ಕಚ್ಚು ಇಟ್ಟರೆ ಗಡಿಗೆ ಬರಿದು ಮಾಡುತ್ತಿದ್ದಳು. ಆದರೂ ದಿನದಿನಕ್ಕೆ ಪಕ್ಕೆಲುಬು ಎದ್ದು ಕಾಣತೊಡಗಿದವು. ದವಡೆಯ ಕೆಳಗೆ ನೀರು ತುಂಬಿದಂತೆ ಬಾವು ಬಂದಿತು. ಹುಳುವಿನ ಔಷಧ ಕೊಟ್ಟದ್ದಾಯಿತು. ಅಕ್ಕನ ಅತ್ತೆಯವರು ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದ್ದೂ ಆಯಿತು.

ಕಡೆಗೆ ಬಂದ ಪಶುವೈದ್ಯರು ಇನ್ನೂ ತರುಣರು, ಬಹಳ ಸಾವಧಾನದ ಮನುಷ್ಯ. ಹಸುವಿನ ಕುತ್ತಿಗೆಯ ಮೇಲೆ ಎರಡು ಕಡೆ ಕೂದಲು ಕತ್ತರಿಸಿ, ಅಳತೆಯ ಇಕ್ಕಳದಿಂದ ಚರ್ಮದ ದಪ್ಪವನ್ನು ಅಳೆದು ಬರೆದುಕೊಂಡರು. ಎರಡೂ ಕಡೆ ಏಳು ಮಿಲಿಮೀಟರು. ಬಳಿಕ ಎರಡು ಜಾಗದಲ್ಲಿಯೂ ಚರ್ಮದ ಒಳಗೆ ಬೇರೆ ಬೇರೆ ಸೂಜಿಮದ್ದು ಚುಚ್ಚಿದರು.

"ಎರಡು ಯಾಕೆ ಡಾಕ್ಟ್ರೇ? ಒಂದು ಸಾಲದೇ?" ಎಂದು ಅಕ್ಕ ಕೇಳಿದಳು.

"ಒಂದು ದನದ ಕ್ಷಯವನ್ನು ಕೇಳುತ್ತದೆ, ಅಮ್ಮಾ. ಇನ್ನೊಂದು, ಅದರ ದಾಯಾದಿಗಳನ್ನು ಕೇಳುತ್ತದೆ. ಎಪ್ಪತ್ತೆರಡು ಗಂಟೆ ಬಿಟ್ಟು ಬರುತ್ತೇನೆ. ಯಾವ ಕಡೆ ಹೆಚ್ಚು ಊದಿಕೊಂಡಿದೆ ನೋಡೋಣ" ಎಂದರು.

ದಾಯಾದಿಗಳು ಎಂಬ ಆ ಮಾತು ನನಗೆ ಹಿಡಿಸಿತು. ಈ ಸೂಕ್ಷ್ಮಜೀವಿಗಳ ಕುಲಕ್ಕೆ ಮೈಕೋಬ್ಯಾಕ್ಟೀರಿಯ ಎಂದು ಹೆಸರು. ಕುಲದ ಲಕ್ಷಣ ಎರಡು. ಮೊದಲನೆಯದು, ಮೈಮೇಲೆ ಮೇಣದಂಥ ದಪ್ಪ ಹೊದಿಕೆ. ಕೆಂಪು ಬಣ್ಣದಲ್ಲಿ ಕಾಯಿಸಿ ಆಮ್ಲದಲ್ಲಿ ತೊಳೆದರೆ ಬೇರೆ ಜೀವಿಗಳ ಬಣ್ಣವೆಲ್ಲ ಬಿಟ್ಟುಹೋಗುತ್ತದೆ, ಇವುಗಳದ್ದು ಬಿಡುವುದಿಲ್ಲ. ನೀಲಿ ಹಿನ್ನೆಲೆಯಲ್ಲಿ ಕೆಂಪು ಕಡ್ಡಿಗಳಂತೆ ಇವು ಸೂಕ್ಷ್ಮದರ್ಶಕದಲ್ಲಿ ಕಾಣುತ್ತವೆ. ಎರಡನೆಯದು, ಸಾವಕಾಶದ ಬೆಳವಣಿಗೆ. ಸಾಮಾನ್ಯ ಬ್ಯಾಕ್ಟೀರಿಯವೊಂದು ಅರ್ಧ ಗಂಟೆಯೊಳಗೆ ಎರಡಾದರೆ, ಕ್ಷಯದ ಕ್ರಿಮಿ ಎರಡಾಗಲು ಇಪ್ಪತ್ತು ಗಂಟೆಯಷ್ಟು ತೆಗೆದುಕೊಳ್ಳುತ್ತದೆ. ಈ ಕುಲದಲ್ಲಿ ಮನುಷ್ಯನ ಕ್ಷಯ, ದನದ ಕ್ಷಯ, ಕುಷ್ಠ ಇವುಗಳನ್ನು ತರುವ ಪ್ರಸಿದ್ಧರು ಕೆಲವರೇ. ಮಿಕ್ಕ ಬಹುಮಂದಿ ಕೆರೆಯ ನೀರಿನಲ್ಲಿ, ಕೊಳೆತ ಎಲೆಯಲ್ಲಿ, ತೇವದ ಮಣ್ಣಿನಲ್ಲಿ ಯಾರ ತಂಟೆಗೂ ಹೋಗದೆ ಬಾಳುವವರು. ಅವರ ಸಹವಾಸ ಮೈಗೆ ಆಗಿಬಿಟ್ಟಿದ್ದರೆ ಸೂಜಿಮದ್ದಿಗೆ ಚರ್ಮ ತುಸು ಊದುತ್ತದೆ. ಮಣ್ಣಿನ ಉತ್ತರವನ್ನು ರೋಗದ ಉತ್ತರವೆಂದು ತಿಳಿದು ಮೋಸಹೋಗಬಾರದೆಂದೇ ಎರಡು ಕಡೆ ಚುಚ್ಚುವ ಪದ್ಧತಿ.

ಕ್ಷಯದ ಕ್ರಿಮಿಯನ್ನು ತಾನು ಕಂಡುಹಿಡಿದುದನ್ನು ರಾಬರ್ಟ್ ಕಾಖ್ ಎಂಬ ಜರ್ಮನ್ ವೈದ್ಯರು 1882ರ ಮಾರ್ಚ್ 24ರಂದು ಬರ್ಲಿನಿನಲ್ಲಿ ಸಾರಿದರು. ಮನುಷ್ಯನ ಕ್ರಿಮಿಗೂ ದನದ ಕ್ರಿಮಿಗೂ ಭೇದವುಂಟೆಂದು ಅಮೆರಿಕದ ಥಿಯೊಬಾಲ್ಡ್ ಸ್ಮಿತ್ 1898ರಲ್ಲಿ ತೋರಿಸಿಕೊಟ್ಟರು. ಅದನ್ನು ಹಿಡಿದು ಕಾಖ್ ಅವರು 1901ರಲ್ಲಿ ಲಂಡನ್ನಿನ ಸಮ್ಮೇಳನದಲ್ಲಿ, ದನದ ಕ್ಷಯದಿಂದ ಮನುಷ್ಯರಿಗೆ ಹೇಳುವಂಥ ಅಪಾಯವಿಲ್ಲವೆಂದುಬಿಟ್ಟರು. ಅಷ್ಟು ದೊಡ್ಡವರ ಮಾತನ್ನು ಸುಮ್ಮನೆ ಒಪ್ಪದೆ ಬ್ರಿಟಿಷ್ ಸರಕಾರ ಆ ವರ್ಷವೇ ಒಂದು ಆಯೋಗವನ್ನು ನೇಮಿಸಿತು. ಹತ್ತು ವರ್ಷ ಪ್ರಯೋಗ ಮಾಡಿ 1911ರಲ್ಲಿ ಅದು ಕೊಟ್ಟ ತೀರ್ಪು ಬೇರೆ: ರೋಗದ ಹಸುವಿನ ಹಾಲಿನಿಂದ, ವಿಶೇಷವಾಗಿ ಮಕ್ಕಳಿಗೆ, ಕ್ಷಯ ಬರುವುದು ದಿಟ. ಹಾಲನ್ನು 63 ಡಿಗ್ರಿಯಲ್ಲಿ ಅರ್ಧ ಗಂಟೆ, ಅಥವಾ 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸಿ ತಣಿಸುವ ಪಾಶ್ಚರೀಕರಣ ಪಶ್ಚಿಮ ದೇಶಗಳಲ್ಲಿ ಬಲವಾಗಿ ಬೇರೂರಲು ಇದೂ ಒಂದು ಕಾರಣ.

ನಮ್ಮ ಮನೆಗಳಲ್ಲಿ ಆಯೋಗವನ್ನು ಯಾರೂ ನೇಮಿಸಲಿಲ್ಲ. ಆದರೆ ಕಾಯಿಸದ ಹಾಲನ್ನು ಮಗುವಿಗೆ ಕೊಡಬಾರದೆಂಬ ಕಟ್ಟಳೆ ಒಲೆಯ ಮುಂದೆ ಮೊದಲಿನಿಂದಲೂ ಇದ್ದಿತು. ಹಾಲು ಉಕ್ಕಿ ಬರುವವರೆಗೂ ಅಲ್ಲಿಂದ ಏಳದೆ ಕುಳಿತ ನಮ್ಮ ಅಜ್ಜಿಯಂಥವರು ಎಷ್ಟು ಮಕ್ಕಳನ್ನು ಕಾಪಾಡಿದರೋ ಲೆಕ್ಕವಿಟ್ಟವರಿಲ್ಲ. ಪಂಚಾಮೃತದ ಹಸಿಹಾಲು ಒಂದೇ ಈ ಕಟ್ಟಳೆಗೆ ಹೊರಗಿನದು. ಅದಕ್ಕೂ ಕಾಯಿಸಿ ಆರಿಸಿದ ಹಾಲನ್ನು ಬಳಸಿದರೆ ದೇವರು ಮುನಿಯುವುದಿಲ್ಲವೆಂದು ನನ್ನ ನಂಬಿಕೆ.

ಇನ್ನೊಂದು ವಿಚಿತ್ರವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ನಮ್ಮ ಕೂಸುಗಳ ತೋಳಿಗೆ ಹಾಕಿಸುವ ಬಿ.ಸಿ.ಜಿ. ಲಸಿಕೆ ಹುಟ್ಟಿದ್ದೇ ದನದ ಕ್ಷಯದ ಕ್ರಿಮಿಯಿಂದ. ಫ್ರಾನ್ಸಿನ ಕಾಲ್ಮೆಟ್ ಮತ್ತು ಗೆರಾನ್ ಎಂಬಿಬ್ಬರು 1908ರಿಂದ ಹದಿಮೂರು ವರ್ಷ ಅದನ್ನು ಪಿತ್ತರಸ ಬೆರೆಸಿದ ಆಲೂಗಡ್ಡೆಯ ಮೇಲೆ ಸುಮಾರು 230 ಬಾರಿ ನೆಟ್ಟು ನೆಟ್ಟು ಸಾಧುಗೊಳಿಸಿದರು. 1921ರಲ್ಲಿ ಮೊದಲ ಬಾರಿ ಒಂದು ಶಿಶುವಿಗೆ ಕೊಟ್ಟರು. ಭಾರತಕ್ಕೆ ಅದು ಬಂದದ್ದು 1948ರಲ್ಲಿ. ಲಸಿಕೆಯ ಬಲವನ್ನು ಅಳೆಯಲು 1968ರಲ್ಲಿ ಮದರಾಸಿನ ಬಳಿಯ ಚೆಂಗಲ್ಪಟ್ಟಿನಲ್ಲಿ ಎರಡೂವರೆ ಲಕ್ಷಕ್ಕೂ ಮಿಗಿಲಾದ ಜನರ ಮೇಲೆ ದೊಡ್ಡ ಪರೀಕ್ಷೆ ಆರಂಭವಾಯಿತು. ದೊಡ್ಡವರ ಶ್ವಾಸಕೋಶದ ಕ್ಷಯವನ್ನು ಲಸಿಕೆ ತಡೆಯಲಿಲ್ಲವೆಂದು ಫಲಿತಾಂಶ ಬಂದಾಗ ಎಲ್ಲರೂ ಬೆರಗಾದರು. ಪಂಡಿತರು ಕೊಟ್ಟ ವಿವರಣೆಗಳಲ್ಲಿ ಒಂದು ಹೀಗಿದೆ: ಬಿಸಿಲು, ತೇವಗಳ ಆ ಸೀಮೆಯಲ್ಲಿ ಮಣ್ಣು ನೀರಿನ ಮೈಕೋಬ್ಯಾಕ್ಟೀರಿಯಗಳ ಪರಿಚಯ ಜನರ ಮೈಗೆ ಮೊದಲೇ ಆಗಿದ್ದಿತು, ಅದರ ಮೇಲೆ ಲಸಿಕೆಯ ಗುರುತು ಹತ್ತಲಿಲ್ಲ. ಎಳೆಯ ಮಕ್ಕಳನ್ನು ಮಿದುಳುಪೊರೆಯ ಕ್ಷಯದಿಂದ ಕಾಪಾಡುವ ಗುಣ ಬಿ.ಸಿ.ಜಿ.ಗೆ ಉಂಟು, ಆದ್ದರಿಂದ ಅದನ್ನು ಹಾಕಿಸುವುದನ್ನು ಯಾರೂ ಬಿಡಬಾರದು. ನಾನು ಹೇಳಹೊರಟಿದ್ದು ಇಷ್ಟೇ: ಕಾಲ ಕೆಳಗಿನ ಮಣ್ಣೂ ಆರೋಗ್ಯದ ಲೆಕ್ಕದಲ್ಲಿ ಸೇರುತ್ತದೆ. ಮಂಗನ ಕಾಯಿಲೆಯನ್ನು ಕಂಡ ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಆ ಕಾಯಿಲೆ ಬೇರೆ ಜಾತಿಯ ವೈರಸ್ಸಿನದು. ಆದರೆ ಕಾಡು, ಉಣ್ಣೆ, ದನ, ಮನುಷ್ಯ ಎಲ್ಲವೂ ಒಂದೇ ದಾರದಲ್ಲಿ ಪೋಣಿಸಿಕೊಂಡಿವೆ ಎಂಬುದನ್ನು ಅದು ನಮಗೆ ಕಲಿಸಿದೆ.

ಮೂರು ದಿನ ಕಳೆದು ಡಾಕ್ಟರು ಬಂದು ಅಳೆದರು. ದನದ ಕ್ಷಯವನ್ನು ಕೇಳಿದ ಜಾಗ ಏಳರಿಂದ ಹತ್ತು ಮಿಲಿಮೀಟರಿಗೆ ಏರಿದ್ದಿತು. ದಾಯಾದಿಗಳನ್ನು ಕೇಳಿದ ಜಾಗ ಹದಿನೈದಾಗಿದ್ದಿತು. "ಕ್ಷಯವಲ್ಲ" ಎಂದರು. ಅಕ್ಕ ಕೈ ಮುಗಿದಳು. "ಆದರೆ ಸಮಾಧಾನಪಡುವ ಹಾಗೂ ಇಲ್ಲ ಅಮ್ಮಾ" ಎಂದು ಸಗಣಿಯನ್ನೂ ರಕ್ತವನ್ನೂ ಶೀಷೆಯಲ್ಲಿ ತುಂಬಿ ದೂರದ ಪ್ರಯೋಗಶಾಲೆಗೆ ಕಳಿಸಿದರು. ಕೆಲವು ವಾರಗಳ ಮೇಲೆ ಉತ್ತರ ಬಂದಿತು. ರೋಗದ ಹೆಸರು ಯೋನೆ ರೋಗ.

1895ರಲ್ಲಿ ಡ್ರೆಸ್ಡನ್ನಿನಲ್ಲಿ ಯೋನೆ ಮತ್ತು ಫ್ರಾಥಿಂಗ್‌ಹ್ಯಾಮ್ ಎಂಬಿಬ್ಬರು, ಬಡವಾಗಿ ಸತ್ತ ಹಸುವಿನ ಕರುಳಿನಲ್ಲಿ ಈ ಕೆಂಪು ಕಡ್ಡಿಗಳನ್ನು ಕಂಡರು. ಕರುಳಿನ ಒಳಗೋಡೆ ದಪ್ಪವಾಗಿ ಮಡಿಕೆ ಮಡಿಕೆಯಾಗಿ, ತಿಂದ ಆಹಾರದ ಸಾರವನ್ನು ಹೀರುವ ಶಕ್ತಿ ಕಳೆದುಕೊಳ್ಳುತ್ತದೆ. ಹಸು ತಿನ್ನುತ್ತಲೇ ಇರುತ್ತದೆ, ಬಡವಾಗುತ್ತಲೇ ಇರುತ್ತದೆ. ಈ ಕ್ರಿಮಿಯನ್ನು ಪ್ರಯೋಗಶಾಲೆಯಲ್ಲಿ ಬೆಳೆಸಲು ಬಹುಕಾಲ ಯಾರಿಂದಲೂ ಆಗಲಿಲ್ಲ. ಟ್ವಾರ್ಟ್ ಎಂಬ ಇಂಗ್ಲಿಷ್ ವಿಜ್ಞಾನಿ ಹುಲ್ಲಿನ ಮೇಲೆ ಬಾಳುವ ಅದರ ನಿರುಪದ್ರವಿ ಬಂಧುವೊಂದನ್ನು ಕೊಂದು ಅದರ ಸಾರವನ್ನು ಆಹಾರದಲ್ಲಿ ಬೆರೆಸಿದ ಮೇಲೆಯೇ, 1910ರ ಸುಮಾರಿಗೆ, ಅದು ಬೆಳೆಯಿತು. ಇಂದಿಗೂ ಅದನ್ನು ಬೆಳೆಸಿ ನೋಡಬೇಕೆಂದರೆ ಎರಡು ಮೂರು ತಿಂಗಳು ಕಾಯಬೇಕು.

ರೋಗ ಅಂಟುವುದು ಎಳಗರುವಿಗೆ. ಹುಟ್ಟಿದ ಮೊದಲ ಆರು ತಿಂಗಳೊಳಗೆ, ಸಗಣಿ ಮೆತ್ತಿದ ಕೆಚ್ಚಲನ್ನು ಚೀಪುವಾಗ, ಕೊಳಕಾದ ನೀರನ್ನೋ ಹುಲ್ಲನ್ನೋ ಬಾಯಿಗೆ ಹಾಕಿಕೊಳ್ಳುವಾಗ, ಇಲ್ಲವೇ ತಾಯಿಯ ಹಾಲಿನಲ್ಲಿಯೇ ಅದು ಒಳಹೋಗುತ್ತದೆ. ಹೊರಗೆ ಕಾಣುವುದು ಎರಡರಿಂದ ಐದು ವರ್ಷಗಳ ಮೇಲೆ. ಹಾಗೆಂದರೆ ಗಂಗೆ ಅದನ್ನು ಕರುವಾಗಿದ್ದಾಗಲೇ ಹೊತ್ತುಕೊಂಡಿದ್ದಳು. ಮಾರಿದವರಿಗೂ ಗೊತ್ತಿರಲಿಲ್ಲ, ಕೊಂಡವರಿಗೂ ಗೊತ್ತಾಗಲಿಲ್ಲ. ಸಗಣಿಯೊಡನೆ ಹೊರಬಿದ್ದ ಕ್ರಿಮಿ ನೆರಳಿನ ನೆಲದಲ್ಲಿ ಒಂದು ವರ್ಷದಷ್ಟು ಕಾಲ ಬದುಕಿದ್ದುದನ್ನು ಆಸ್ಟ್ರೇಲಿಯದ ಸಂಶೋಧಕರು ನೋಡಿದ್ದಾರೆ. ಬಿಸಿಲು ಬೀಳುವ ಬಯಲಿನಲ್ಲಿ ಅದರ ಆಯುಸ್ಸು ಕಡಮೆ. ಅಡಿಕೆತೋಟದ ನೆರಳನ್ನೂ ನಮ್ಮ ಮಳೆಗಾಲದ ಕೊಟ್ಟಿಗೆಯನ್ನೂ ನೆನೆದು ನಾನು ಸ್ವಲ್ಪ ಹೊತ್ತು ಪುಸ್ತಕವನ್ನು ಮುಚ್ಚಿಟ್ಟೆ.

ರೋಗಕ್ಕೆ ಔಷಧವಿಲ್ಲ. ಈ ಮಾತನ್ನು ಡಾಕ್ಟರು ಹೇಳಿದ ವಾರದೊಳಗೆ ಭಟ್ಕಳದ ಕಡೆಯಿಂದ ಒಬ್ಬ ಮಲ್ಲಿಗೆ ಬೆಳೆಗಾರರು ಹಸು ಕೇಳಿಕೊಂಡು ಬಂದರು. ಗಂಗೆಯ ಹಾಲಿನ ಖ್ಯಾತಿ ಅವರ ಕಿವಿಗೆ ಬಿದ್ದಿದ್ದಿತು. "ಬಡವಾದರೆ ಚಿಂತೆಯಿಲ್ಲ ಭಟ್ಟರೇ, ಎರಡು ತಿಂಗಳು ಹಿಂಡಿ ಹಾಕಿದರೆ ಚೇತರಿಸಿಕೊಳ್ಳುತ್ತದೆ. ಗಿಡಕ್ಕೆ ಗೊಬ್ಬರವಾಯಿತು, ಮಕ್ಕಳಿಗೆ ಹಾಲಾಯಿತು" ಎಂದರು. ಅವರು ಹೇಳಿದ ಬೆಲೆ ಭಾವನವರು ಕೊಟ್ಟ ಬೆಲೆಯ ಅರ್ಧಕ್ಕಿಂತ ಹೆಚ್ಚೇ ಇದ್ದಿತು. ಭಾವನವರಿಗೆ ಸಂಘದ ಸಾಲ ಇನ್ನೂ ತೀರಿರಲಿಲ್ಲ. ಅವರು ಒಳಗೆ ಬಂದು ಅಕ್ಕನ ಮುಖ ನೋಡಿದರು.

ನಾನು ಅಂದು ಅಲ್ಲಿಯೇ ಇದ್ದೆ. ಜಗಲಿಯಲ್ಲಿ ಬಂದವರಿಗೆ ಬೆಲ್ಲ ನೀರು ಕೊಟ್ಟು ಕೂರಿಸಿದ್ದರು. ಒಳಗೆ ಮಾತು ಬಹಳ ನಡೆಯಲಿಲ್ಲ.

"ಹೇಳಿಯೇ ಮಾರೋಣ. ಕೊಳ್ಳುವುದು ಬಿಡುವುದು ಅವರ ಇಷ್ಟ" ಎಂದರು ಭಾವ.

"ಹೇಳಿದರೆ ಅವರು ಕೊಳ್ಳುವುದಿಲ್ಲ, ಹೇಳದಿದ್ದರೆ ನಮಗೆ ಅನ್ನ ಇಳಿಯುವುದಿಲ್ಲ. ಅವರ ಮನೆಯಲ್ಲೂ ಎಳಗರುಗಳಿವೆಯಂತೆ. ಗಂಗೆ ನಮ್ಮಲ್ಲೇ ಇರಲಿ" ಎಂದಳು ಅಕ್ಕ.

ಭಾವನವರು ಹೊರಗೆ ಹೋಗಿ, ಹಸುವಿಗೆ ಇಂಥ ರೋಗವೆಂದು ಉಳ್ಳುದನ್ನು ಉಳ್ಳಂತೆ ಹೇಳಿದರು. ಬಂದವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಷ್ಟು ಹೇಳಿದಿರಲ್ಲ, ಅದೇ ದೊಡ್ಡದು" ಎಂದು ಎದ್ದು, ಹೋಗುವಾಗ ಒಂದು ದಂಡೆ ಮಲ್ಲಿಗೆಯನ್ನು ದೇವರಿಗೆಂದು ಜಗಲಿಯ ಮೇಲೆ ಇಟ್ಟು ಹೋದರು.

ಆಮೇಲಿನ ಐದು ತಿಂಗಳು ಅಕ್ಕನಿಗೆ ಹೆಚ್ಚಿನ ದುಡಿಮೆಯ ಕಾಲ. ಡಾಕ್ಟರು ಹೇಳಿದಂತೆ ಗಂಗೆಗೆ ತೋಟದ ಅಂಚಿನಲ್ಲಿ ಬೇರೆ ಸೋಗೆಯ ಮಾಡು ಹಾಕಿಸಿದರು. ಅವಳ ಸಗಣಿಗೆ ಬೇರೆ ಗುಂಡಿ. ಅದು ಒಳಗೆ ಚೆನ್ನಾಗಿ ಕಾವೇರಿ ಪೂರ್ತಿ ಮಾಗದೆ ತೋಟಕ್ಕೆ ಬೀಳಬಾರದು, ಹುಲ್ಲು ಬೆಳೆಯುವ ಕಡೆಗಂತೂ ಕೂಡದು. ಅವಳ ಕರುವನ್ನು ಪ್ರತ್ಯೇಕ ಕಟ್ಟಿ, ಬೇರೆ ಹಸುವಿನ ಹಾಲನ್ನು ಕಾಯಿಸಿ ಆರಿಸಿ ಕುಡಿಸಿದರು. ಹಳೆಯ ಕೊಟ್ಟಿಗೆಯ ನೆಲವನ್ನು ಕೆರೆದು ಸುಣ್ಣ ಹಾಕಿದರು. ಮೊಮ್ಮಕ್ಕಳಿಗೆ ಪೇಟೆಯಿಂದ ಹಾಲಿನ ಪೊಟ್ಟಣ ಬಂದಿತು. ಈ ಕ್ರಿಮಿಗೂ ಮನುಷ್ಯರ ಕರುಳಿನ ಒಂದು ಬಗೆಯ ಬೇನೆಗೂ ಸಂಬಂಧವಿರಬಹುದೆಂದು ಕೆಲವು ವಿಜ್ಞಾನಿಗಳು ಶಂಕಿಸುತ್ತಾರೆ. ಇನ್ನು ಕೆಲವರು ಒಪ್ಪುವುದಿಲ್ಲ. ವಿವಾದ ಮುಗಿಯುವವರೆಗೆ ಕಾಯುವ ಗೋಜಿಗೆ ಅಕ್ಕ ಹೋಗಲಿಲ್ಲ.

ಮಳೆ ಹಿಡಿಯುವ ಮೊದಲು ಗಂಗೆ ತೀರಿಕೊಂಡಳು. ಆಳವಾದ ಗುಂಡಿ ತೋಡಿ, ಸುಣ್ಣ ಹಾಕಿ ಹೂಳಿದರು. ಸಾಲದ ಕಂತು ಮಾತ್ರ ಇನ್ನೂ ಒಂದೂವರೆ ವರ್ಷ ನಡೆಯಿತು.

ಈ ಲೆಕ್ಕವನ್ನು ನಾನು ಮರೆಯಲಾರೆ. ಭಟ್ಕಳದ ಒಂದು ಕೊಟ್ಟಿಗೆ ಉಳಿಯಿತು; ಅದರ ಬೆಲೆಯನ್ನು ಹೊನ್ನಾವರದ ಒಂದು ಮನೆ ತೆತ್ತಿತು. ದನದ ಕ್ಷಯವನ್ನು ಹತೋಟಿಗೆ ತಂದ ದೇಶಗಳಲ್ಲಿ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ದನವನ್ನು ಕೊಂದು, ಒಡೆಯನಿಗೆ ಸರಕಾರ ಪರಿಹಾರ ಕೊಡುತ್ತ ಬಂದಿದೆ. ಆ ದಾರಿ ನಮ್ಮ ಜನದ ಮನಸ್ಸಿಗೂ ಒಗ್ಗದು, ನಮ್ಮ ಬೊಕ್ಕಸಕ್ಕೂ ಸುಲಭವಲ್ಲ. ಏಕೆಂದರೆ ರೋಗದ ಹರವು ಸಣ್ಣದಲ್ಲ. ಅದುವರೆಗೆ ನಡೆದ ಪರೀಕ್ಷೆಗಳನ್ನೆಲ್ಲ ಒಟ್ಟು ಮಾಡಿ ನೋಡಿದ 2018ರ ಒಂದು ಅಧ್ಯಯನ, ಭಾರತದ ದನ ಎಮ್ಮೆಗಳಲ್ಲಿ ನೂರಕ್ಕೆ ಸುಮಾರು ಏಳಕ್ಕೆ ಕ್ಷಯದ ಸೋಂಕಿರಬಹುದೆಂದು ಅಂದಾಜು ಮಾಡಿತು; ಅಂದರೆ ಎರಡು ಕೋಟಿಗೂ ಮೇಲೆ. ವೆಲ್ಲೂರಿನ ಆಸ್ಪತ್ರೆಯ ರೋಗಿಗಳಿಂದ ಪಡೆದ ಕ್ರಿಮಿಗಳನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಪಶುಗಳಿಂದ ಬಂದಿರಬಹುದಾದ ಕ್ಷಯಕ್ಕೆ ಕಾರಣವೆಂದು ಹೆಚ್ಚಾಗಿ ಕಂಡುಬಂದುದು ಪುಸ್ತಕಗಳಲ್ಲಿ ಪ್ರಸಿದ್ಧವಾದ ದನದ ಕ್ರಿಮಿಯಲ್ಲ, ಓರಿಗಿಸ್ ಎಂಬ ಅದರ ಬಂಧು. ನಮ್ಮ ದೇಶದ ರೋಗವನ್ನು ನಮ್ಮ ನೆಲದಲ್ಲಿಯೇ ಹುಡುಕಬೇಕು, ಪರದೇಶದ ಪುಸ್ತಕವೊಂದೇ ಸಾಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಕ್ಷಯಕ್ಕೆಂದೇ 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಸಂಸ್ಥೆ ಸ್ಥಾಪಿಸಿದ ನಾಡು ನಮ್ಮದು. ಮನೆಯ ಜನರನ್ನು ಎಣಿಸಿದಂತೆ ಕೊಟ್ಟಿಗೆಯನ್ನೂ ಎಣಿಸಲು ನಮಗೆ ಬಾರದೇ?

ಎಣಿಸಿದ ಮೇಲೆ ಉಳಿಯುವ ಪ್ರಶ್ನೆ ನಷ್ಟದ್ದು. ರೋಗವಿದೆಯೆಂದು ಗೊತ್ತಾದ ಕ್ಷಣದಲ್ಲಿ ಬಡ ರೈತನ ಮುಂದೆ ಎರಡೇ ದಾರಿ ಇರುತ್ತವೆ: ಬಾಯಿ ಮುಚ್ಚಿಕೊಂಡು ಮಾರುವುದು, ಇಲ್ಲವೇ ಹೇಳಿ ಮುಳುಗುವುದು. ಮೂರನೆಯ ದಾರಿಯೊಂದು ತೆರೆಯುವವರೆಗೆ ರೋಗ ಸಂತೆಯಿಂದ ಸಂತೆಗೆ ನಡೆಯುತ್ತಲೇ ಇರುತ್ತದೆ. ಹಾಲಿನ ಸಂಘ, ವಿಮೆ, ಪಂಚಾಯತಿ, ಸರಕಾರ ಇವುಗಳಲ್ಲಿ ಯಾವುದಾದರೂ ಮುಂದೆ ಬಂದು, ರೋಗದ ಹಸುವನ್ನು ಮಾರದೆ ಉಳಿಸಿಕೊಂಡವನ ಹೊರೆಯಲ್ಲಿ ಅರ್ಧವನ್ನಾದರೂ ಹೊರಬೇಕು. ಪಟ್ಟಣದಲ್ಲಿ ಪೊಟ್ಟಣದ ಹಾಲು ಕುಡಿಯುವ ನಾವೂ ಆ ಹೊರೆಯಿಂದ ದೂರದವರಲ್ಲ. ಹಾಲು ಕಾಯಿಸಿದರೆ ನಾವು ಪಾರಾದೆವು; ಆದರೆ ಆ ಹಾಲು ಕರೆದವರ ಕೈ, ಹಸುವಿನ ಕರುಳು, ಕರುವಿನ ಬಾಯಿ ನಮ್ಮ ಒಲೆಯ ಕಾವಿಗೆ ನಿಲುಕುವುದಿಲ್ಲ.

ಅಕ್ಕನ ಕೊಟ್ಟಿಗೆಯಲ್ಲಿ ಈಗ ತಿರುಗಿ ಗಿಡ್ಡ ದನಗಳಿವೆ. ಹೊಸದಾಗಿ ಒಂದು ಹಸು ತರುವ ಮಾತು ಹೋದ ದೀಪಾವಳಿಯಲ್ಲಿ ಬಂದಿತು. ಭಾವನವರು ಹಸುವಿನ ಹಲ್ಲು, ಸುಳಿ, ಕೆಚ್ಚಲುಗಳ ವಿಚಾರ ಹೇಳುತ್ತಿದ್ದರು. ಅಕ್ಕ ಎಲೆಗೆ ಸುಣ್ಣ ಹಚ್ಚುತ್ತ ಎಲ್ಲವನ್ನೂ ಕೇಳಿ, "ಮೊದಲು ಡಾಕ್ಟರು ನೋಡಲಿ, ಸುಳಿ ಆಮೇಲೆ ನೋಡೋಣ" ಎಂದಳು.